ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾಕ್ಕೆ ಟೆಂಟ್ ಹೊತ್ತು ಕಾರಿನಲ್ಲಿ: ನವದಂಪತಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರ ಮದುವೆಗಳು ಬಹುಪಾಲು ಎರಡು ಮೂರು ವಾರಗಳ ರಜೆಯಲ್ಲಿ ಊರಿನಲ್ಲೇ ನಡೆಯುತ್ತವೆ. ಧಾರೆ, ಆರತಕ್ಷತೆ, ಮನೆದೇವರ ದರ್ಶನ, ನೆಂಟರ ಮನೆಯ ಊಟಗಳಲ್ಲಿ ರಜೆ ಕಳೆದು, ಗಂಡ ಹೆಂಡತಿ ಕುಳಿತು ನಾಲ್ಕು ಮಾತಾಡುವ ಮೊದಲೇ ನ್ಯೂಜೆರ್ಸಿಯ ಎಡಿಸನ್ನಿನ ಅಪಾರ್ಟ್‌ಮೆಂಟಿಗೆ ಬಂದಿಳಿದಿರುತ್ತಾರೆ. ಅಷ್ಟರಲ್ಲಿ ಕೆಲಸ ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ಬದಲಾಯಿತೆಂದರೆ, ಸಾಮಾನನ್ನು ಲಾರಿಗೆ ಹಾಕಿಸಿ ತಾವು ವಿಮಾನ ಹತ್ತುವುದೇ ರೂಢಿ. ಆದರೆ ಕಾರು ಹೇಗೂ ಆ ಕಡೆಗೆ ಹೋಗಲೇಬೇಕು, ಹೊಸ ಕೆಲಸಕ್ಕೆ ಸೇರುವ ಮೊದಲು ಮೂರು ವಾರ ಬಿಡುವು ಕೇಳಿದರೆ ಬಹಳಷ್ಟು ಕಂಪನಿಗಳು ಒಪ್ಪುತ್ತವೆ. ಅಂಥ ಅವಕಾಶ ಸಿಕ್ಕವರು ಟೆಂಟ್ ಕಟ್ಟಿಕೊಂಡು ದೇಶವನ್ನು ಅಡ್ಡಹಾಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಸಲಹೆಗಳೆಲ್ಲ ಅದರ ಮೇಲೆಯೇ ನಿಂತಿವೆ. ಕಾರು ಓಡಿಸುವುದು, ಟೆಂಟ್ ಕಟ್ಟುವುದು, ಒಲೆ ಹಚ್ಚುವುದು, ಬುಕಿಂಗ್ ನೋಡುವುದು, ಖರ್ಚು ಬರೆಯುವುದು, ಇವೆಲ್ಲವೂ ಇಬ್ಬರಿಗೂ ಬರಬೇಕು. ಅಮೆರಿಕಕ್ಕೆ ಮೊದಲು ಬಂದವರು ಎಲ್ಲ ಬಲ್ಲವರಂತೆಯೂ ಈಚೆಗೆ ಬಂದವರು ಅತಿಥಿಯಂತೆಯೂ ಹೊರಟರೆ ಮೊದಲನೆಯವರು ದಣಿಯುತ್ತಾರೆ, ಎರಡನೆಯವರಿಗೆ ಬೇಸರ ಬರುತ್ತದೆ. ಕಾಡಿನ ನಡುವೆ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಕಾರು ಓಡಿಸಲೇಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು.

ಮೊದಲ ಹೆಜ್ಜೆ: ಕಾಲವನ್ನೂ ದಾರಿಯನ್ನೂ ಗೊತ್ತುಮಾಡುವುದು

ನ್ಯೂಜೆರ್ಸಿಯ ಟೀನೆಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಹೋಗುವ ಇಂಟರ್‌ಸ್ಟೇಟ್ 80 ಹೆದ್ದಾರಿಯ ಉದ್ದ ಸುಮಾರು 2,900 ಮೈಲಿ. ಅದನ್ನೇ ಹಿಡಿದು ಐದು ದಿನಗಳಲ್ಲಿ ತಲುಪುವವರಿದ್ದಾರೆ; ಆದರೆ ಅವರಿಗೆ ಕಾಣುವುದು ಹೆಚ್ಚಾಗಿ ಪೆಟ್ರೋಲ್ ಬಂಕುಗಳು. ನಾನು ಸೂಚಿಸುವ ದಾರಿ ಸುಮಾರು 3,600 ಮೈಲಿ, ಅಂದರೆ 5,800 ಕಿಲೋಮೀಟರ್ ಆಗುತ್ತದೆ. ಎಡಿಸನ್‌ನಿಂದ ಪಿಟ್ಸ್‌ಬರ್ಗ್, ಅಲ್ಲಿಂದ ಮಿಷಿಗನ್ ಸರೋವರದ ದಡದ ಇಂಡಿಯಾನಾ ಡ್ಯೂನ್ಸ್, ವಿಸ್ಕಾನ್ಸಿನ್‌ನ ಡೆವಿಲ್ಸ್ ಲೇಕ್, ಮಿನ್ನೆಸೋಟದ ಪಶ್ಚಿಮದಂಚಿನ ಬ್ಲೂ ಮೌಂಡ್ಸ್, ದಕ್ಷಿಣ ಡಕೋಟದ ಬ್ಯಾಡ್‌ಲ್ಯಾಂಡ್ಸ್, ವಯೋಮಿಂಗ್‌ನ ಡೆವಿಲ್ಸ್ ಟವರ್, ಯೆಲ್ಲೋಸ್ಟೋನ್, ಗ್ರ್ಯಾಂಡ್ ಟೀಟಾನ್, ಸಾಲ್ಟ್ ಲೇಕ್ ಸಿಟಿ, ನೆವಾಡಾದ ಗ್ರೇಟ್ ಬೇಸಿನ್, ಕೊನೆಗೆ ಟಯೋಗಾ ಕಣಿವೆದಾರಿಯ ಮೂಲಕ ಯೊಸೆಮಿಟಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಫ್ರೀಮಾಂಟ್. ಇದಕ್ಕೆ 18ರಿಂದ 20 ದಿನ ಬೇಕು. ಅಷ್ಟು ದಿನ ಇಲ್ಲದಿದ್ದರೆ ಎಲ್ಲವನ್ನೂ ಓಡೋಡುತ್ತ ನೋಡುವ ಬದಲು ಗ್ರೇಟ್ ಬೇಸಿನ್ ಮತ್ತು ಯೊಸೆಮಿಟಿಯನ್ನು ಬಿಟ್ಟುಬಿಡಿ. ಕ್ಯಾಲಿಫೋರ್ನಿಯಾಕ್ಕೆ ಹೋದಮೇಲೆ ಅವೆರಡಕ್ಕೂ ದೀರ್ಘ ವಾರಾಂತ್ಯದ ರಜೆಯಲ್ಲಿ ಹೋಗಬಹುದು, ಬ್ಯಾಡ್‌ಲ್ಯಾಂಡ್ಸ್‌ಗೆ ಹಾಗೆ ಹೋಗಲಾಗುವುದಿಲ್ಲ.

ಹೊರಡುವ ಕಾಲವನ್ನು ನಿರ್ಧರಿಸುವುದು ಹಿಮ. ಟಯೋಗಾ ಕಣಿವೆದಾರಿ 9,945 ಅಡಿ ಎತ್ತರದಲ್ಲಿದ್ದು, ಸಾಮಾನ್ಯವಾಗಿ ನವೆಂಬರ್‌ನಿಂದ ಮೇ ಕೊನೆಯವರೆಗೆ, ಕೆಲವು ವರ್ಷ ಜೂನ್ ಕಳೆಯುವವರೆಗೂ, ಮುಚ್ಚಿರುತ್ತದೆ. ಯೆಲ್ಲೋಸ್ಟೋನ್‌ನ ಹೆಚ್ಚಿನ ರಸ್ತೆಗಳೂ ಚಳಿಗಾಲದಲ್ಲಿ ಕಾರಿಗೆ ತೆರೆದಿರುವುದಿಲ್ಲ. ಜೂನ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಯಾವಾಗ ಬೇಕಾದರೂ ಹೊರಡಬಹುದಾದರೂ, ಆಗಸ್ಟ್ ಕೊನೆಯ ವಾರದಲ್ಲಿ ಹೊರಡುವುದು ನನ್ನ ಆಯ್ಕೆ. ಸೆಪ್ಟೆಂಬರ್‌ನ ಮೊದಲ ಸೋಮವಾರದ ಲೇಬರ್ ಡೇ ಕಳೆದೊಡನೆ ಮಕ್ಕಳಿರುವ ಕುಟುಂಬಗಳು ಮನೆ ಸೇರಿ ಉದ್ಯಾನಗಳ ಜನಜಂಗುಳಿ ಇಳಿಯುತ್ತದೆ, ಸೊಳ್ಳೆಯೂ ಕಡಿಮೆಯಾಗುತ್ತದೆ. ಮಂಗಳಗೌರಿ ವ್ರತ ಹಿಡಿದಿರುವ ಹೊಸ ಮದುಮಗಳು ಶ್ರಾವಣದ ಮಂಗಳವಾರಗಳನ್ನು ನೋಡಿಕೊಂಡು, ಆ ದಿನ ದೇವಸ್ಥಾನವಿರುವ ಊರಿನಲ್ಲೋ ಮೋಟೆಲ್‌ನಲ್ಲೋ ಇರುವಂತೆ ದಿನಗಳನ್ನು ಹೊಂದಿಸಿಕೊಳ್ಳಬಹುದು. ಟೆಂಟಿನೊಳಗೆ ದೀಪ ಹಚ್ಚುವುದು ಮಾತ್ರ ಸರ್ವಥಾ ಕೂಡದು.

ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಡ್ರೈವಿಂಗ್ ಬೇಡ. ಪಿಟ್ಸ್‌ಬರ್ಗ್‌ನಿಂದ ಇಂಡಿಯಾನಾಕ್ಕೆ ಹೋಗುವ ದಿನ, ನೆವಾಡಾ ದಾಟುವ ದಿನದಂಥ ಒಂದೆರಡು ದಿನ ಮಾತ್ರ ಏಳೆಂಟು ಗಂಟೆಯಾಗುವುದನ್ನು ತಪ್ಪಿಸಲಾಗದು. ಪಶ್ಚಿಮಕ್ಕೆ ಹೋಗುವಾಗ ಮೂರು ಸಲ ಗಡಿಯಾರ ಒಂದೊಂದು ಗಂಟೆ ಹಿಂದಕ್ಕೆ ಹೋಗುವುದರಿಂದ ಆ ದಿನಗಳಲ್ಲಿ ಒಂದು ಗಂಟೆ ಹೆಚ್ಚು ಸಿಗುತ್ತದೆ. ಆದರೆ ಸಂಜೆಯ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಬೆಳಿಗ್ಗೆ ಬೇಗ ಹೊರಟು, ಸೂರ್ಯ ಮುಳುಗಲು ಎರಡು ಗಂಟೆ ಇರುವಾಗಲೇ ತಲುಪುವಂತೆ ಯೋಜಿಸಿ.

ಎರಡನೆಯ ಹೆಜ್ಜೆ: ಬುಕಿಂಗ್ ಮತ್ತು ಕಾಗದಪತ್ರ

ರಾಷ್ಟ್ರೀಯ ಉದ್ಯಾನಗಳ ಕ್ಯಾಂಪ್‌ಗ್ರೌಂಡುಗಳನ್ನು ರೆಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಬಹುಪಾಲು ಆರು ತಿಂಗಳು ಮುಂಚಿತವಾಗಿ ಕಾಯ್ದಿರಿಸಬಹುದು. ಯೆಲ್ಲೋಸ್ಟೋನ್‌ನ ಮ್ಯಾಡಿಸನ್, ಕ್ಯಾನ್ಯನ್, ಗ್ರ್ಯಾಂಟ್ ವಿಲೇಜ್ ಮುಂತಾದ ದೊಡ್ಡ ಶಿಬಿರಗಳನ್ನು ಗುತ್ತಿಗೆ ಸಂಸ್ಥೆಯೊಂದು ನಡೆಸುತ್ತಿದ್ದು, ಅವುಗಳ ಬುಕಿಂಗ್ ಬೇರೆ ತಾಣದಲ್ಲಿ ಇನ್ನೂ ಮುಂಚೆ ಆರಂಭವಾಗುತ್ತದೆ. ಅತಿ ಕಷ್ಟವಾದುದು ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್. ಅಲ್ಲಿನ ಜಾಗಗಳು ಐದು ತಿಂಗಳು ಮುಂಚೆ, ತಿಂಗಳ 15ರಂದು, ಪಶ್ಚಿಮ ತೀರದ ಸಮಯ ಬೆಳಿಗ್ಗೆ 7ಕ್ಕೆ, ನ್ಯೂಜೆರ್ಸಿಯಲ್ಲಿ 10ಕ್ಕೆ, ಒಂದು ತಿಂಗಳ ಲೆಕ್ಕದಲ್ಲಿ ಒಟ್ಟಿಗೆ ತೆರೆದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ಇಬ್ಬರೂ ಬೇರೆ ಬೇರೆ ಲ್ಯಾಪ್‌ಟಾಪ್‌ನಲ್ಲಿ, ಬೇರೆ ಬೇರೆ ಖಾತೆಯಲ್ಲಿ ಲಾಗಿನ್ ಆಗಿ ಕುಳಿತರೆ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಕೆಲಸ ಬದಲಾಗುವ ಸುದ್ದಿ ತಡವಾಗಿ ತಿಳಿದವರು ನಿರಾಶರಾಗಬೇಕಿಲ್ಲ: ರದ್ದಾದ ಜಾಗಗಳು ಮತ್ತೆ ತೆರೆಯುತ್ತಲೇ ಇರುತ್ತವೆ. ಬ್ಯಾಡ್‌ಲ್ಯಾಂಡ್ಸ್‌ನ ಸೇಜ್ ಕ್ರೀಕ್ ಶಿಬಿರವಂತೂ ಉಚಿತ, ಮೊದಲು ಬಂದವರಿಗೆ ಮೊದಲು. ಅಲ್ಲಿ ನೀರಿಲ್ಲ, ಹೋಗುವ ರಸ್ತೆ ಮಣ್ಣಿನದು, ಆದರೆ ಬೆಳಗಾಗ ಎದ್ದರೆ ಹತ್ತಿರದಲ್ಲೇ ಕಾಡೆಮ್ಮೆಗಳು (ಅಮೆರಿಕದ ಬೈಸನ್) ಮೇಯುತ್ತಿರುತ್ತವೆ.

ಅಮೆರಿಕದ ನಿವಾಸಿಗಳಿಗೆ 80 ಡಾಲರ್‌ಗೆ ಸಿಗುವ ವಾರ್ಷಿಕ ಪಾಸ್ ಈ ದಾರಿಯ ಎಲ್ಲ ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಸಾಕಾಗುತ್ತದೆ. 2026ರಿಂದ ಹೊರದೇಶದ ಪ್ರವಾಸಿಗಳಿಗೆ ಅದರ ದರ 250 ಡಾಲರ್ ಆಗಿರುವುದರಿಂದ, ಅಮೆರಿಕದ ಸರ್ಕಾರ ಕೊಟ್ಟ ಫೋಟೋ ಗುರುತಿನ ಚೀಟಿ ಜೊತೆಗಿರಲಿ. ಪಾಸ್ ಇದ್ದರೂ ಕ್ಯಾಂಪ್‌ಗ್ರೌಂಡಿನ ಬಾಡಿಗೆ ಬೇರೆ, ಡೆವಿಲ್ಸ್ ಲೇಕ್‌ನಂಥ ರಾಜ್ಯ ಉದ್ಯಾನಗಳ ಶುಲ್ಕವೂ ಬೇರೆ.

ವೀಸಾದಲ್ಲಿರುವವರು ಪಾಸ್‌ಪೋರ್ಟ್, ಅಮೆರಿಕ ಪ್ರವೇಶದ ದಾಖಲೆಯಾದ ಐ-94ರ ಮುದ್ರಿತ ಪ್ರತಿ, ಮದುವೆಯ ನೋಂದಣಿ ಪತ್ರ ಇವನ್ನು ಒಂದೇ ಜಲನಿರೋಧಕ ಚೀಲದಲ್ಲಿಟ್ಟು, ಅದು ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿರುವಂತೆ ನೋಡಿಕೊಳ್ಳಬೇಕು. ಹದಿನೆಂಟು ದಾಟಿದ ವಿದೇಶಿಯರು ತಮ್ಮ ವಿದೇಶಿ ನೋಂದಣಿಯ ದಾಖಲೆಯನ್ನು (ಐ-94 ಅಂಥದೇ) ಸದಾ ಜೊತೆಗಿಟ್ಟುಕೊಳ್ಳಬೇಕೆಂಬುದು ಇಲ್ಲಿನ ಕಾನೂನು. ಎಚ್-1ಬಿ ಉದ್ಯೋಗ ವೀಸಾ ಉಳ್ಳವರ ಕೆಲಸದ ಊರು ಬದಲಾಗುತ್ತಿದ್ದರೆ ಕಂಪನಿಯವರು ತಿದ್ದುಪಡಿ ಅರ್ಜಿ ಸಲ್ಲಿಸಿರುವುದನ್ನು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ. ಬಾಸ್ಟನ್ ಕಡೆಯಿಂದ ಹೊರಡುವವರಿಗೆ ಇನ್ನೊಂದು ಎಚ್ಚರಿಕೆ: ಬಫಲೋದಿಂದ ಡೆಟ್ರಾಯಿಟ್‌ಗೆ ಹೋಗುವಾಗ ಫೋನಿನ ನಕ್ಷೆ ಕೆನಡಾದ ಮೂಲಕ ಹತ್ತಿರದ ದಾರಿ ತೋರಿಸುತ್ತದೆ. ಕೆನಡಾ ವೀಸಾ ಇಲ್ಲದ ಭಾರತೀಯ ಪಾಸ್‌ಪೋರ್ಟಿನವರು ಆ ದಾರಿಯನ್ನು ಕಣ್ಣೆತ್ತಿಯೂ ನೋಡಬಾರದು.

ಒಡವೆಗಳ ವಿಷಯ. ಮದುವೆಯ ಚಿನ್ನವನ್ನು ಕಾರಿನಲ್ಲಿಟ್ಟುಕೊಂಡು ಟೆಂಟಿನಲ್ಲಿ ಮಲಗುವ ಸಾಹಸ ಬೇಡ. ಬ್ಯಾಂಕಿನ ಲಾಕರಿನಲ್ಲೋ ನಂಬಿಕೆಯ ಸ್ನೇಹಿತರ ಬಳಿಯೋ ಇಟ್ಟು, ಆಮೇಲೆ ವಿಮಾನದಲ್ಲಿ ಬಂದು ಒಯ್ಯಿರಿ. ಕೊರಳಿಗೆ ಕರಿಮಣಿಯ ತೆಳು ಸರ ಸಾಕು.

ಮೂರನೆಯ ಹೆಜ್ಜೆ: ಕಾರು, ಮತ್ತು ಹೊರಡುವ ಮೊದಲಿನ ತಾಲೀಮು

ಆಯಿಲ್ ಬದಲಿಸಿ, ಬ್ರೇಕ್, ಬ್ಯಾಟರಿ, ಟೈರುಗಳನ್ನು ಪರೀಕ್ಷಿಸಿಕೊಳ್ಳಿ. ಹೊಸ ಕಾರುಗಳಲ್ಲಿ ಬಹಳಷ್ಟಕ್ಕೆ ಸ್ಪೇರ್ ಟೈರೇ ಇರುವುದಿಲ್ಲ, ಗಾಳಿ ತುಂಬುವ ಕಿಟ್ ಮಾತ್ರ ಇರುತ್ತದೆ. ಡಿಕ್ಕಿಯ ಚಾಪೆ ಎತ್ತಿ ನೋಡಿ ತಿಳಿದುಕೊಳ್ಳಿ. ವಿಮಾ ಪಾಲಿಸಿಯಲ್ಲಿ ಇಬ್ಬರ ಹೆಸರೂ ಚಾಲಕರೆಂದು ಸೇರಿರಬೇಕು. ಈಚೆಗೆ ಬಂದವರು ಬಲಬದಿಯ ರಸ್ತೆಗೂ ಹೆದ್ದಾರಿಯಲ್ಲಿ ಸೇರಿಕೊಳ್ಳುವುದಕ್ಕೂ ಇನ್ನೂ ಒಗ್ಗಿರದಿದ್ದರೆ ಪೂರ್ವದ ಟರ್ನ್‌ಪೈಕ್ ಎಂಬ ಸುಂಕದ ಹೆದ್ದಾರಿಯಲ್ಲಿ ಅವರಿಗೆ ಸ್ಟಿಯರಿಂಗ್ ಕೊಡಬೇಡಿ. ದಕ್ಷಿಣ ಡಕೋಟದಲ್ಲಿ ರಸ್ತೆ ನೇರ, ವಾಹನ ವಿರಳ; ಅಲ್ಲಿ ಎರಡು ಗಂಟೆ ಓಡಿಸಿದರೆ ಬರುವ ಧೈರ್ಯ ಊರೊಳಗೆ ತಿಂಗಳುಗಟ್ಟಲೆ ಕಲಿತರೂ ಬರುವುದಿಲ್ಲ.

ಇಬ್ಬರಿಗೆ ‘ನಾಲ್ವರ ಟೆಂಟ್’ ಕೊಳ್ಳಿ. ‘ಇಬ್ಬರ ಟೆಂಟ್’ ಎಂದು ಬರೆದಿರುವುದರಲ್ಲಿ ಮಗ್ಗುಲು ಬದಲಿಸಲೂ ಜಾಗವಿರುವುದಿಲ್ಲ. ಸೆಪ್ಟೆಂಬರ್‌ನ ಯೆಲ್ಲೋಸ್ಟೋನ್‌ನಲ್ಲಿ ರಾತ್ರಿಯ ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಬೆಂಗಳೂರಿನ ಚಳಿ ಕಂಡವರಿಗೆ ಅದು ಊಹೆಗೂ ಸಿಗದು. ಸ್ಲೀಪಿಂಗ್ ಬ್ಯಾಗ್ ಮೈನಸ್ 7 ಡಿಗ್ರಿಯವರೆಗೆ ತಡೆಯುವಂತಿರಲಿ. ಅದಕ್ಕಿಂತ ಮುಖ್ಯವಾದುದು ಕೆಳಗಿನ ಹಾಸು, ಏಕೆಂದರೆ ಚಳಿ ಹೆಚ್ಚಾಗಿ ನೆಲದಿಂದ ಏರುತ್ತದೆ. ಹಾಸು ಚಳಿಯನ್ನು ಎಷ್ಟು ತಡೆಯುತ್ತದೆಂದು ಹೇಳುವ ಆರ್-ಮೌಲ್ಯ 4ಕ್ಕಿಂತ ಕಡಿಮೆ ಬೇಡ. ಒಂದಕ್ಕೊಂದು ಜಿಪ್ ಹಾಕಿ ಜೋಡಿಸಬಹುದಾದ ಬ್ಯಾಗುಗಳು ಸಿಗುತ್ತವೆ, ಹೊಸ ಜೋಡಿಗೆ ಅವೇ ಚೆಂದ, ಬೆಚ್ಚಗೂ ಇರುತ್ತವೆ.

ಹೊರಡುವ ಮೊದಲು ಹತ್ತಿರದ ಯಾವುದಾದರೂ ರಾಜ್ಯ ಉದ್ಯಾನದಲ್ಲಿ ಒಂದು ರಾತ್ರಿ ತಾಲೀಮು ಮಾಡಲೇಬೇಕು. ಬ್ಯಾಡ್‌ಲ್ಯಾಂಡ್ಸ್‌ನ ಗಾಳಿಯಲ್ಲಿ ಮೊದಲ ಬಾರಿಗೆ ಟೆಂಟ್ ಬಿಚ್ಚಿದರೆ ಅದು ಕೈಯಲ್ಲಿ ನಿಲ್ಲುವುದಿಲ್ಲ. ಕ್ರಮ ಹೀಗಿರಲಿ: ಗಾಳಿ ಬೀಸುವ ದಿಕ್ಕನ್ನು ನೋಡಿ, ಬಾಗಿಲು ಅದಕ್ಕೆ ಬೆನ್ನು ಮಾಡುವಂತೆ ಟೆಂಟನ್ನು ನೆಲದ ಮೇಲೆ ಹರಡಬೇಕು. ಒಬ್ಬರು ಗಾಳಿಯ ಕಡೆಯ ಎರಡು ಮೂಲೆಗಳನ್ನು ಮಂಡಿಯೂರಿ ಹಿಡಿದಿರುವಾಗ ಇನ್ನೊಬ್ಬರು ಆ ಮೂಲೆಗಳಿಗೆ ಗೂಟ ಹೊಡೆಯಬೇಕು. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿ, ಮೊನೆ ಟೆಂಟಿನ ಕಡೆಗೆ ಹೋಗುವಂತೆ ಓರೆಯಾಗಿ ನೆಡಬೇಕು. ನೆಟ್ಟಗೆ ಹೊಡೆದ ಗೂಟ ಒಂದೇ ಜಗ್ಗಿಗೆ ಕಿತ್ತು ಬರುತ್ತದೆ. ಆ ಎರಡು ಮೂಲೆ ಗಟ್ಟಿಯಾದ ಮೇಲೆಯೇ ಕಂಬಗಳನ್ನು ಏರಿಸಿ, ಮೇಲ್ಹೊದಿಕೆ ಹಾಕಿ, ಹಗ್ಗಗಳನ್ನು ಬಿಗಿಯಬೇಕು. ಮರುಸಲ ಕೆಲಸಗಳನ್ನು ಅದಲುಬದಲು ಮಾಡಿಕೊಳ್ಳಿ. ಕೊಂಡಾಗ ಬಂದ ಸಣ್ಣ ಅಲ್ಯೂಮಿನಿಯಂ ಗೂಟಗಳು ಆ ಗಟ್ಟಿ ಜೇಡಿಮಣ್ಣಿನಲ್ಲಿ ಬಾಗುತ್ತವಾದ್ದರಿಂದ ಉಕ್ಕಿನ ಗೂಟಗಳನ್ನೂ ಒಂದು ಸುತ್ತಿಗೆಯನ್ನೂ ಒಯ್ಯಿರಿ.

ನಾಲ್ಕನೆಯ ಹೆಜ್ಜೆ: ಅಡುಗೆ

ಸಸ್ಯಾಹಾರಿಗಳಿಗೆ ಮಿನ್ನೆಸೋಟ, ದಕ್ಷಿಣ ಡಕೋಟಗಳ ಹೆದ್ದಾರಿ ಹೋಟೆಲುಗಳಲ್ಲಿ ಸಿಗುವುದು ಹುರಿದ ಆಲೂಗಡ್ಡೆಯೇ. ಆದ್ದರಿಂದ ಅಡುಗೆಯ ಸಿದ್ಧತೆ ಮನೆಯಲ್ಲೇ ಮುಗಿದಿರಬೇಕು. ಎರಡು ಬರ್ನರ್‌ಗಳ ಪ್ರೊಪೇನ್ ಸ್ಟೋವ್, ಒಂದು ಪೌಂಡಿನ ಸಿಲಿಂಡರುಗಳು, ಮೂರು ಲೀಟರಿನ ಕುಕ್ಕರ್, ಒಂದು ಬಾಣಲೆ, ಎರಡು ತಟ್ಟೆ, ಎರಡು ಲೋಟ, ಇಷ್ಟು ಪಾತ್ರೆ ಸಾಕು. ಕುಕ್ಕರನ್ನು ಮಾತ್ರ ಬಿಟ್ಟುಹೋಗಬೇಡಿ. ಯೆಲ್ಲೋಸ್ಟೋನ್‌ನ ಶಿಬಿರಗಳು ಹೆಚ್ಚಾಗಿ 7,000ದಿಂದ 8,000 ಅಡಿ ಎತ್ತರದಲ್ಲಿದ್ದು, ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರಿನಲ್ಲಾದರೆ ಒಂದೆರಡು ವಿಷಲ್ ಹೆಚ್ಚು ಕೂಗಿಸಿದರೆ ಅನ್ನವೂ ಬೇಳೆಯೂ ಮೆತ್ತಗಾಗುತ್ತವೆ.

ಉಪ್ಪಿಟ್ಟಿನ ರವೆಯನ್ನು ಮನೆಯಲ್ಲೇ ತುಪ್ಪದಲ್ಲಿ ಹುರಿದು, ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯನ್ನು ಅದಕ್ಕೇ ಕಲಸಿ, ಪೂರ್ತಿ ಆರಿದ ಮೇಲೆ ಎರಡೆರಡು ಲೋಟದಂತೆ ಜಿಪ್ ಚೀಲಗಳಲ್ಲಿ ಕಟ್ಟಿಡಿ. ಶಿಬಿರದಲ್ಲಿ ಒಂದಕ್ಕೆ ಎರಡೂವರೆ ಪಾಲು ನೀರು ಕುದಿಸಿ, ಉಪ್ಪು ಹಾಕಿ, ಚೀಲ ಸುರಿದು ಮುಚ್ಚಿದರೆ ಚಳಿಯ ಬೆಳಗಿಗೆ ಹತ್ತು ನಿಮಿಷದಲ್ಲಿ ತಿಂಡಿ ಸಿದ್ಧ. ಪುಳಿಯೋಗರೆ ಗೊಜ್ಜು, ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಹುರಿಹಿಟ್ಟು, ಹಪ್ಪಳ ಇದ್ದರೆ ಮೂರು ವಾರ ನಡೆಯುತ್ತದೆ. ಡ್ರೈವಿಂಗ್ ದಿನದ ಮಧ್ಯಾಹ್ನಕ್ಕೆ ಬೆಳಿಗ್ಗೆಯೇ ಮೊಸರನ್ನ ಕಲಸಿ ಐಸ್ ಪೆಟ್ಟಿಗೆಯಲ್ಲಿಡಿ. ಅದಕ್ಕೆ ಪುಡಿ ಐಸಿಗಿಂತ ದೊಡ್ಡ ಗಟ್ಟಿಯ ಐಸ್ ಹೆಚ್ಚು ಬಾಳುತ್ತದೆ. ಪಿಟ್ಸ್‌ಬರ್ಗ್‌ನ ಪೆನ್ ಹಿಲ್ಸ್‌ನಲ್ಲಿ 1970ರ ದಶಕದಲ್ಲಿ ಕಟ್ಟಿದ ಶ್ರೀ ವೆಂಕಟೇಶ್ವರ ದೇವಸ್ಥಾನವಿದೆ. ಹೊಸ ದಂಪತಿ ಮೊದಲ ದಿನವೇ ದರ್ಶನ ಮಾಡಿ, ಅಲ್ಲಿನ ಊಟವನ್ನೂ ಮುಗಿಸಿಕೊಂಡು ಮುಂದೆ ಸಾಗಬಹುದು. ಆಮೇಲೆ ಶಿಕಾಗೋ ಸುತ್ತಮುತ್ತ ಮತ್ತು ಸಾಲ್ಟ್ ಲೇಕ್ ಸಿಟಿಯಲ್ಲಿ ಭಾರತೀಯ ದಿನಸಿ ಅಂಗಡಿಗಳು ಸಿಗುತ್ತವೆ.

ಮಳೆ ಎಷ್ಟೇ ಜೋರಾಗಿದ್ದರೂ ಟೆಂಟಿನೊಳಗೆ ಸ್ಟೋವ್ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಸೌದೆಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯುವುದೂ ತಪ್ಪು. ಏಷ್ಯಾದಿಂದ ಬಂದು 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಎಮರಾಲ್ಡ್ ಆ್ಯಷ್ ಬೋರರ್ ಎಂಬ ಜೀರುಂಡೆ ಸೌದೆಯೊಡನೆ ಊರೂರಿಗೆ ಹರಡಿ ಕೋಟಿಗಟ್ಟಲೆ ಮರಗಳನ್ನು ಕೊಂದಿದೆ. ಎಲ್ಲಿ ಉರಿಸುತ್ತೀರೋ ಅಲ್ಲಿಯೇ ಕೊಳ್ಳಿ.

ಐದನೆಯ ಹೆಜ್ಜೆ: ಕರಡಿ, ಕಾಡೆಮ್ಮೆ, ಸಿಡಿಲು

ನಮ್ಮ ಅಡುಗೆಯ ಘಮಘಮ ಕಾಡಿನಲ್ಲಿ ದೂರದವರೆಗೆ ಹೋಗುತ್ತದೆ. ಕರಡಿಯ ಮೂಗಿಗೆ ಉಪ್ಪಿನಕಾಯಿ, ಬೆಲ್ಲ, ತುಪ್ಪ ಮಾತ್ರವಲ್ಲ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಸೋಪು, ಊದಿನಕಡ್ಡಿ ಎಲ್ಲವೂ ಆಹಾರವೇ. ಇವುಗಳಲ್ಲಿ ಒಂದೂ ಟೆಂಟಿನೊಳಗೆ ಇರಕೂಡದು. ಒಗ್ಗರಣೆ ಹಾಕಿದ ಬಟ್ಟೆಯಲ್ಲೇ ಮಲಗುವುದೂ ಬೇಡ. ನಿಯಮಗಳು ಉದ್ಯಾನದಿಂದ ಉದ್ಯಾನಕ್ಕೆ ಬದಲಾಗುತ್ತವೆ ಎಂಬುದನ್ನು ಗಮನವಿಟ್ಟು ಓದಿ. ಯೆಲ್ಲೋಸ್ಟೋನ್‌ನಲ್ಲಿ ಆಹಾರವನ್ನು ಕಾರಿನೊಳಗಿಟ್ಟು ಗಾಜು ಏರಿಸಿ ಬೀಗ ಹಾಕಿದರೆ ಸಾಕು. ಯೊಸೆಮಿಟಿಯಲ್ಲಿ ರಾತ್ರಿ ಹಾಗೆ ಮಾಡುವುದು ನಿಯಮಬಾಹಿರ, ಅಲ್ಲಿನ ಕರಡಿಗಳು ಕಾರಿನ ಬಾಗಿಲನ್ನೇ ಬಗ್ಗಿಸಿ ಕೀಳಬಲ್ಲವು. ಪ್ರತಿ ಜಾಗದಲ್ಲೂ ಇರುವ ಕಬ್ಬಿಣದ ಪೆಟ್ಟಿಗೆಯಲ್ಲೇ ಎಲ್ಲವನ್ನೂ ಇಡಬೇಕು. ಹಾಗೆಯೇ ಯೆಲ್ಲೋಸ್ಟೋನ್, ಟೀಟಾನ್‌ಗಳಲ್ಲಿ ಕಾಲ್ನಡಿಗೆಗೆ ಹೊರಟಾಗ, ಮೇಲೆ ಬರುವ ಕರಡಿಯತ್ತ ಸಿಂಪಡಿಸುವ ಬೇರ್ ಸ್ಪ್ರೇ ಸೊಂಟದಲ್ಲಿರಲೇಬೇಕು, ಚೀಲದ ತಳದಲ್ಲಿದ್ದರೆ ಪ್ರಯೋಜನವಿಲ್ಲ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಸಿಡಿಯಬಹುದು. ಅದೇ ಸ್ಪ್ರೇ ಯೊಸೆಮಿಟಿಯೊಳಗೆ ನಿಷಿದ್ಧ. ದಾರಿಯಲ್ಲೇ ಯಾರಿಗಾದರೂ ಕೊಟ್ಟುಬಿಡಿ.

ಯೆಲ್ಲೋಸ್ಟೋನ್‌ನಲ್ಲಿ ಮನುಷ್ಯರನ್ನು ಅತಿ ಹೆಚ್ಚು ಗಾಯಗೊಳಿಸಿರುವ ಪ್ರಾಣಿ ಕರಡಿಯಲ್ಲ, ಕಾಡೆಮ್ಮೆ. ಹಟ್ಟಿಯ ಎಮ್ಮೆಯಂತೆ ನಿಧಾನವಾಗಿ ಕಂಡರೂ ಗಂಟೆಗೆ 35 ಮೈಲಿ ವೇಗದಲ್ಲಿ ಓಡಬಲ್ಲ 900 ಕಿಲೋ ತೂಕದ ಪ್ರಾಣಿ ಅದು. ಅದರಿಂದ 25 ಗಜ, ಕರಡಿ ತೋಳಗಳಿಂದ 100 ಗಜ ದೂರವಿರಬೇಕೆಂಬುದು ಕಾನೂನು. ಜೋಡಿ ಸೆಲ್ಫಿಯ ಆಸೆಗೆ ಈ ಗೆರೆಯನ್ನು ದಾಟಬೇಡಿ. ಬಿಸಿನೀರಿನ ಬುಗ್ಗೆಗಳ ಸುತ್ತ ಮರದ ಹಾಸುದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬಾರದು, ತೆಳುವಾದ ನೆಲದ ಕೆಳಗೆ ಕುದಿಯುವ ನೀರಿರುತ್ತದೆ.

ಬಯಲು ಸೀಮೆಯಲ್ಲಿ ಗುಡುಗು ಸಿಡಿಲಿನ ಮುನ್ಸೂಚನೆಯನ್ನು ಪ್ರತಿ ಸಂಜೆ ನೋಡಿ. ಸುಂಟರಗಾಳಿಯ ಎಚ್ಚರಿಕೆ ಬಂದರೆ ಟೆಂಟನ್ನು ಇದ್ದಲ್ಲೇ ಬಿಟ್ಟು ಶಿಬಿರದ ಕಾಂಕ್ರೀಟ್ ಕಟ್ಟಡಕ್ಕೆ ಓಡಬೇಕು. ಅದು ಹೆಚ್ಚಾಗಿ ಶೌಚಾಲಯವೇ ಆಗಿರುವುದರಿಂದ ತಲುಪಿದೊಡನೆ ಎಲ್ಲಿದೆಯೆಂದು ನೋಡಿಟ್ಟುಕೊಳ್ಳಿ. ಕೆಲವು ಶಿಬಿರಗಳಲ್ಲಿ ನೀರಿಲ್ಲದ ಗುಂಡಿ ಶೌಚಾಲಯಗಳೇ ಇರುತ್ತವೆ; ಒಂದು ಮಗ್ಗೂ ನೀರಿನ ಬಾಟಲಿಯೂ ಕಾರಿನಲ್ಲಿರಲಿ. ಸ್ನಾನಕ್ಕೆ ಯೆಲ್ಲೋಸ್ಟೋನ್‌ನ ಕ್ಯಾನ್ಯನ್, ಗ್ರ್ಯಾಂಟ್ ಶಿಬಿರಗಳಲ್ಲಿ ವ್ಯವಸ್ಥೆಯಿದೆ, ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲೂ ಹಣ ಕೊಟ್ಟು ಮಾಡಬಹುದು.

ಆರನೆಯ ಹೆಜ್ಜೆ: ಇಬ್ಬರ ನಡುವಿನ ಒಪ್ಪಂದ

ಮೂರು ರಾತ್ರಿ ಟೆಂಟಿನಲ್ಲಿ ಕಳೆದರೆ ನಾಲ್ಕನೆಯದು ಮೋಟೆಲ್‌ನಲ್ಲಿರಲಿ. ಬಟ್ಟೆ ಒಗೆಯುವುದಕ್ಕೂ ಊರಿಗೆ ನಿಶ್ಚಿಂತೆಯಿಂದ ಫೋನ್ ಮಾಡುವುದಕ್ಕೂ ಅದು ಬೇಕು. ಟೆಂಟಿನಲ್ಲಿ ಮಲಗಲು ಆಗದೆಂದು ಇಬ್ಬರಲ್ಲಿ ಒಬ್ಬರು ಯಾವ ಸಂಜೆಯಾದರೂ ಹೇಳಿದರೆ ಇನ್ನೊಬ್ಬರು ಕಾರಣ ಕೇಳದೆ ಕೋಣೆ ಹುಡುಕಬೇಕೆಂಬ ಮಾತನ್ನು ಹೊರಡುವ ಮೊದಲೇ ಕೊಟ್ಟುಕೊಳ್ಳಿ. ಅದಕ್ಕೆಂದೇ ಒಂದಿಷ್ಟು ಹಣ ತೆಗೆದಿಡಿ. ಖರ್ಚನ್ನು ಒಂದೇ ಪುಸ್ತಕದಲ್ಲಿ, ದಿನ ಬಿಟ್ಟು ದಿನ ಒಬ್ಬೊಬ್ಬರು ಬರೆದರೆ ಹಣದ ಮಾತು ಮುಚ್ಚುಮರೆಯಿಲ್ಲದೆ ರೂಢಿಯಾಗುತ್ತದೆ. ಮುಂದಿನ ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತೋಚುವುದಿಲ್ಲ.

ಊರಿನ ಹಿರಿಯರಿಗೆ ದಾರಿಯ ಪಟ್ಟಿಯನ್ನೂ, ಯಾವ ಯಾವ ದಿನ ಫೋನ್ ಸಿಗುವುದಿಲ್ಲವೆಂಬುದನ್ನೂ ಬರೆದು ಕಳುಹಿಸಿ. ಯೆಲ್ಲೋಸ್ಟೋನ್‌ನ ಬಹುಭಾಗದಲ್ಲಿ ನೆಟ್‌ವರ್ಕ್ ಇಲ್ಲ. ಎರಡು ದಿನ ಸುದ್ದಿಯಿಲ್ಲದಿದ್ದರೆ ಅತ್ತೆಯವರೂ ತಾಯಿಯವರೂ ಊಟ ಬಿಟ್ಟು ಕೂರುತ್ತಾರೆ. ಬೇಸಿಗೆಯಲ್ಲಿ ನ್ಯೂಜೆರ್ಸಿಗೂ ಬೆಂಗಳೂರಿಗೂ ಒಂಬತ್ತೂವರೆ ಗಂಟೆಯ ಅಂತರವಿದ್ದರೆ ಕ್ಯಾಲಿಫೋರ್ನಿಯಾಕ್ಕೆ ಅದು ಹನ್ನೆರಡೂವರೆ ಗಂಟೆಯಾಗುತ್ತದೆ, ಫೋನಿನ ಹೊತ್ತನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಕೊನೆಯ ಹೆಜ್ಜೆ: ನೆವಾಡಾ ದಾಟಿ ಕ್ಯಾಲಿಫೋರ್ನಿಯಾ ಸೇರುವುದು

ಗ್ರೇಟ್ ಬೇಸಿನ್‌ನಲ್ಲಿ ಎರಡು ರಾತ್ರಿ ಇರಿ. ಅಮಾವಾಸ್ಯೆಯ ಆಸುಪಾಸಾದರೆ ಆಕಾಶಗಂಗೆ ಬರಿಗಣ್ಣಿಗೆ ದಟ್ಟವಾಗಿ ಕಾಣುತ್ತದೆ. ಲೇಹ್‌ಮನ್ ಗುಹೆಯ ಟಿಕೆಟ್ ಮುಂಚೆಯೇ ಕಾಯ್ದಿರಿಸಿ. ಅಲ್ಲಿಂದ ಪಶ್ಚಿಮಕ್ಕೆ ಹೆದ್ದಾರಿ 50ರಲ್ಲಿ ಈಲಿ, ಯುರೇಕಾ, ಆಸ್ಟಿನ್, ಫ್ಯಾಲನ್ ಬಿಟ್ಟರೆ ಹೇಳಿಕೊಳ್ಳುವಂಥ ಊರುಗಳಿಲ್ಲ, ಆಸ್ಟಿನ್‌ನಿಂದ ಫ್ಯಾಲನ್‌ಗೆ 110 ಮೈಲಿ. ಪ್ರತಿ ಊರಿನಲ್ಲೂ ಟ್ಯಾಂಕ್ ತುಂಬಿಸಿ, ತಲೆಗೆ ದಿನಕ್ಕೊಂದು ಗ್ಯಾಲನ್‌ನಂತೆ ನೀರಿಟ್ಟುಕೊಳ್ಳಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಿ. ಫ್ಯಾಲನ್‌ನಿಂದ ದಕ್ಷಿಣಕ್ಕೆ ತಿರುಗಿ ಹಾಥಾರ್ನ್ ಮೂಲಕ ಮೋನೋ ಸರೋವರದ ಬಳಿಯ ಲೀ ವೈನಿಂಗ್ ತಲುಪಿದರೆ ಅಲ್ಲಿಂದಲೇ ಟಯೋಗಾ ಏರು ಶುರುವಾಗುತ್ತದೆ. ನೆವಾಡಾದ ದಿನವೇ ಏರಬೇಡಿ. ಕೆಳಗೆ ತಂಗಿದ್ದು ಬೆಳಿಗ್ಗೆ ಹತ್ತಿ. ಆಚೆ ಬದಿಯ ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಕೆಳ ಗೇರಿನಲ್ಲಿ ಇಳಿಯಿರಿ.

ಕ್ಯಾಲಿಫೋರ್ನಿಯಾದ ಗಡಿಯ ಮುಖ್ಯ ಹೆದ್ದಾರಿಗಳಲ್ಲಿ ಕೃಷಿ ತಪಾಸಣೆಯ ಠಾಣೆಗಳಿವೆ. ನ್ಯೂಜೆರ್ಸಿಯಲ್ಲಿ ಕುಂಡದಲ್ಲಿ ಬೆಳೆಸಿದ ಕರಿಬೇವಿನ ಗಿಡವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬರುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಕಿತ್ತಳೆ ನಿಂಬೆ ತೋಟಗಳಿಗೆ ಮಾರಕವಾದ ರೋಗವನ್ನು ಹರಡುವ ಸಿಲ್ಲಿಡ್ ಕೀಟ ಕರಿಬೇವಿನ ಮೇಲೂ ಬದುಕುವುದರಿಂದ ಗಿಡಕ್ಕೂ ಹಸಿ ಎಲೆಗೂ ಅಲ್ಲಿ ನಿರ್ಬಂಧವಿದೆ. ಗಿಡವನ್ನು ಎಡಿಸನ್ನಿನ ಸ್ನೇಹಿತರಿಗೇ ಕೊಟ್ಟು ಬನ್ನಿ, ಉಳಿದ ಹಣ್ಣು ತರಕಾರಿ ಇದ್ದರೆ ಠಾಣೆಯಲ್ಲಿ ಕೇಳಿದಾಗ ಇದ್ದುದನ್ನು ಇದ್ದಂತೆ ಹೇಳಿ.

ಮನೆ ಸೇರಿದ ಮೇಲೆ ಮೊದಲ ಕೆಲಸ ಟೆಂಟನ್ನು ಬಿಚ್ಚಿ ಬಾಲ್ಕನಿಯಲ್ಲಿ ಪೂರ್ತಿ ಒಣಗಿಸುವುದು. ಒದ್ದೆಯಾಗಿ ಮಡಿಸಿಟ್ಟರೆ ಬೂಷ್ಟು ಹಿಡಿದು ಮುಂದಿನ ಬೇಸಿಗೆಗೆ ಕೆಲಸಕ್ಕೆ ಬಾರದು. ವಿಳಾಸ ಬದಲಾದ 10 ದಿನಗಳೊಳಗೆ ವೀಸಾದಲ್ಲಿರುವ ಇಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಪ್ರತ್ಯೇಕವಾಗಿ ಎಆರ್-11 ನಮೂನೆಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮೇಲೆ ಅಲ್ಲಿನ ಡ್ರೈವಿಂಗ್ ಲೈಸೆನ್ಸಿಗೂ 10 ದಿನಗಳದೇ ಗಡುವು, ಆದ್ದರಿಂದ ಡಿಎಂವಿ ಕಚೇರಿಯ ಸಮಯವನ್ನು ದಾರಿಯಲ್ಲಿರುವಾಗಲೇ, ಸಾಲ್ಟ್ ಲೇಕ್ ಸಿಟಿಯ ಮೋಟೆಲ್ ರಾತ್ರಿಯಲ್ಲಿ, ಇಬ್ಬರ ಹೆಸರಿಗೂ ಗೊತ್ತುಮಾಡಿಕೊಂಡಿದ್ದರೆ ಒಳ್ಳೆಯದು.